ನನ್ನ ಕಾಲು, ದೊಡ್ಡಪ್ಪನ ಪುಡಿ

ಹಿನ್ನೆಲೆ ಇಷ್ಟೇ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಕೀವಾದ ತುಂಡು ತೆಗೆದದ್ದರಿಂದ ಕಾಲು 3 ಸೆಂಟಿಮೀಟರ್ ಗಿಡ್ಡವಾಯಿತು. ಈಗ ಮೂಳೆ ಕತ್ತರಿಸಿ, ಕಾಲಿನ ಸುತ್ತ ಲೋಹದ ರಿಂಗ್ ಹಾಕಿ, ನಡುವಿನ ಸಂದಿಯಲ್ಲಿ ಹೊಸ ಮೂಳೆ ಕಟ್ಟಲೆಂದು ದಿನವೂ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದಾರೆ. ನಿನ್ನೆ ರಾತ್ರಿ ನಮ್ಮ ತೀರ್ಥಹಳ್ಳಿ ಮನೆಯ ಗುಂಪಿನಲ್ಲಿ ನಡೆದದ್ದು ಇದು. ಗುಡ್ ನೈಟ್ ಹೂವುಗಳನ್ನು ಬಿಟ್ಟಿದ್ದೇನೆ. ಅಕ್ಕ ಶಿವಮೊಗ್ಗದಲ್ಲಿ ಫಿಸಿಯೋ.

ದೊಡ್ಡಪ್ಪ (ಫಾರ್ವರ್ಡ್): ಸ್ನಾಯುವಿನಲ್ಲಿ ರಕ್ತನಾಳ ಬೆಳೆಸುವ ಅಂಶ ಪತ್ತೆ!! ಮೂಳೆ ಉದ್ದವಾಗಲು ರಿಂಗ್ ಹಾಕಿಸಿಕೊಂಡು ನರಳಬೇಕಿಲ್ಲ. ನಮ್ಮ ಪುಡಿ ದಿನಕ್ಕೆ ಎರಡು ಚಮಚ ಸಾಕು!!

ದೊಡ್ಡಪ್ಪ: ಅಪ್ಪುವಿಗೆ ಎರಡು ಡಬ್ಬ ಆರ್ಡರ್ ಮಾಡಿದ್ದೇನೆ. ಆ ಕಬ್ಬಿಣದ ಬಳೆ ಬಿಚ್ಚಿಸಿಬಿಡೋಣ.

ಸಾಗರದ ಭಾವ: ಶುರುವಾಯಿತು 😀 ಹೋದ ಸಲ ಮಂಡಿನೋವಿನ ಎಣ್ಣೆ, ಈ ಸಲ ಪುಡಿ.

ದೊಡ್ಡಪ್ಪ: ನಗಬೇಡಿ ಅಳಿಯಂದಿರೇ. ವಿಜ್ಞಾನಿಗಳೇ ಹೇಳಿದ್ದಾರೆ.

ಅಕ್ಕ: ದೊಡ್ಡಪ್ಪ, ಮೊದಲ ಸಾಲು ಸುಳ್ಳಲ್ಲ. ಎಡವಟ್ಟಿರುವುದು ಆಮೇಲೆ. ಆ ಅಂಶದ ಹೆಸರು ವಿಇಜಿಎಫ್, ಒಂದು ಪ್ರೋಟೀನ್. ಹೊಸ ರಕ್ತನಾಳ ಕವಲೊಡೆಯಲು ಅದು ಬೇಕು. ಮೂಳೆ ಕತ್ತರಿಸಿ ನಿಧಾನವಾಗಿ ಎಳೆದಾಗ ಸುತ್ತಲಿನ ಸ್ನಾಯುವಿನಲ್ಲೂ ಅದು ಹುಟ್ಟುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಇಲಿಗಳಲ್ಲಿ ಅದರ ಕೆಲಸ ತಡೆದಾಗ ಹೊಸ ಮೂಳೆಯೂ ಸರಿಯಾಗಿ ಕಟ್ಟಲಿಲ್ಲ. ಎಳೆತ ಇದ್ದದ್ದಕ್ಕೇ ಅದು ಅಲ್ಲಿ ಹುಟ್ಟಿದ್ದು. ನೀವು ಎಳೆಯುವುದನ್ನೇ ನಿಲ್ಲಿಸಿ ಪುಡಿ ಕೊಡೋಣ ಅಂತೀರಿ!

ದೊಡ್ಡಪ್ಪ: ಹೊರಗಿನಿಂದ ಇನ್ನೂ ಸ್ವಲ್ಪ ಕೊಟ್ಟರೆ ತಪ್ಪೇನು? ರಕ್ತ ಕಮ್ಮಿಯಿದ್ದರೆ ಕಬ್ಬಿಣದ ಮಾತ್ರೆ ಕೊಡಲ್ವಾ?

ಅಕ್ಕ: ಪ್ರೋಟೀನ್ ನುಂಗಿದರೆ ಬೇಳೆ, ಮೊಟ್ಟೆಯ ಹಾಗೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ಅದೂ ಆ ಡಬ್ಬದಲ್ಲಿ ನಿಜವಾಗಿ ಇದ್ದರೆ. ಜಾಸ್ತಿಯಾದರೆ ಒಳ್ಳೆಯದು ಅನ್ನುವುದೂ ಸುಳ್ಳು. ಹೊಸನಗರದ ಅತ್ತೆಯನ್ನೇ ಕೇಳಿ.

ಹೊಸನಗರದ ಅತ್ತೆ: ನನ್ನನ್ನು ಯಾಕೆ ಎಳೀತೀಯೇ? ನನಗೆ ಮೂಳೆ ಸರಿ ಇದೆ.

ಅಕ್ಕ: ನಿಮ್ಮ ಕಣ್ಣಿಗೆ ಇಂಜೆಕ್ಷನ್ ಹಾಕಿದರಲ್ಲ ಅತ್ತೆ, ಅದು ಇದೇ ಅಂಶವನ್ನು ತಡೆಯಲು. ಸಕ್ಕರೆ ಕಾಯಿಲೆಯಲ್ಲಿ ಕಣ್ಣಿನ ಪರದೆಯಲ್ಲಿ ಇದು ಜಾಸ್ತಿಯಾಗಿ ರಕ್ತನಾಳ ಸೋರುತ್ತದೆ. 1983ರಲ್ಲಿ ಇದನ್ನು ಮೊದಲು ಗುರುತಿಸಿದ್ದೇ ನಾಳ ಸೋರಿಸುವ ಅಂಶ ಅಂತ.

ಹೊಸನಗರದ ಅತ್ತೆ: ಅಯ್ಯೋ! ಭಾವ, ಆ ಪುಡಿ ನಮ್ಮ ಮನೆ ಕಡೆ ತರಬೇಡಿ.

ಸಾಗರದ ಭಾವ: ಮಾವ, ಇಲಿಜಾರೋವ್ ಅನ್ನುವ ಸೋವಿಯತ್ ಡಾಕ್ಟರು ಸೈಬೀರಿಯಾದ ಕುರ್ಗಾನ್‌ನಲ್ಲಿ ಈ ರಿಂಗ್ ಬಳಸಲು ಶುರು ಮಾಡಿದ್ದು 1950ರ ದಶಕದಲ್ಲಿ. ಆಗ ವಿಇಜಿಎಫ್ ಅನ್ನುವ ಹೆಸರೇ ಇರಲಿಲ್ಲ. ಕಾಲುಗಳು ಉದ್ದ ಆಗಲಿಲ್ವಾ?

ದೊಡ್ಡಪ್ಪ: ಸರಿ, ರಿಂಗೇ ಇರಲಿ. ದಿನಕ್ಕೆ ಒಂದೇ ಮಿಲಿಮೀಟರ್ ಯಾಕೆ? ಮೂರು ಮೂರು ಎಳೆದು ಹತ್ತು ದಿನದಲ್ಲಿ ಮುಗಿಸಲಿ. ಹುಡುಗ ನಿದ್ದೆಗೆಡುತ್ತಾನೆ.

ನಾನು: ಆರು ಗಂಟೆಗೊಮ್ಮೆ ನಟ್ಟು ಕಾಲು ಸುತ್ತು ತಿರುಗಿಸಬೇಕು ದೊಡ್ಡಪ್ಪ, ಒಂದು ಸಲಕ್ಕೆ 0.25 ಮಿಲಿಮೀಟರ್. ಲೆಕ್ಕ ತಪ್ಪದಿರಲಿ ಅಂತ ಅಮ್ಮ ನಟ್ಟಿನ ಒಂದು ಮುಖಕ್ಕೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದಾಳೆ. ಮಧ್ಯರಾತ್ರಿ ಟಾರ್ಚ್ ಹಿಡಿದು ಸ್ಪ್ಯಾನರ್ ಹಾಕುವವಳೂ ಅವಳೇ. ನನಗೂ ಬೇಗ ಮುಗಿದರೆ ಖುಷಿಯೇ.

ಅಕ್ಕ: ಅಷ್ಟು ಜೋರಾಗಿ ಎಳೆದರೆ ಸಂದಿಯಲ್ಲಿ ಮೂಳೆ ಕಟ್ಟುವುದಿಲ್ಲ. ರಕ್ತನಾಳ, ನರ, ಸ್ನಾಯು ಯಾವುದೂ ಆ ವೇಗಕ್ಕೆ ಬೆಳೆಯುವುದಿಲ್ಲ. ತೀರಾ ನಿಧಾನವಾದರೆ ಮೂಳೆ ಮೊದಲೇ ಕೂಡಿಬಿಡುತ್ತದೆ. 30 ದಿನ ಎಳೆದ ಮೇಲೂ ಅದು ಗಟ್ಟಿಯಾಗುವ ತನಕ ತಿಂಗಳುಗಟ್ಟಲೆ ರಿಂಗ್ ಇರಬೇಕು. ಸ್ನಾಯುವಂತೂ ಹಟಮಾರಿ. ಮೀನಖಂಡ ಬಿಗಿದು ಹಿಮ್ಮಡಿ ಮೇಲೇಳುತ್ತದೆ. ಅಪ್ಪು, ಪಾದಕ್ಕೆ ಟವೆಲ್ ಸಿಕ್ಕಿಸಿ ಎಳೆಯುವ ವ್ಯಾಯಾಮ ಇವತ್ತು ಮಾಡಿದೆಯಾ?

ನಾನು: ಕರೆಂಟ್ ಹೋಗಿತ್ತು ಅಕ್ಕ.

ಅಕ್ಕ: ಟವೆಲ್ಲಿಗೆ ಕರೆಂಟ್ ಯಾಕೋ?

ಅಕ್ಕ: ಇನ್ನೊಂದು. ರಕ್ತನಾಳದ ಮೇಲೆ ಎಲ್ಲರಿಗೂ ಇಷ್ಟು ಕಾಳಜಿ ಇದ್ದರೆ ಸಿಗರೇಟನ್ನು ಅವನಿಂದ ದೂರ ಇಡಿ. ನಿಕೋಟಿನ್ ನಾಳಗಳನ್ನು ಕುಗ್ಗಿಸುತ್ತದೆ, ಮೂಳೆ ಕೂಡುವುದು ತಡವಾಗುತ್ತದೆ. ಭಾವ, ಭಾನುವಾರ ಅಪ್ಪುವಿನ ಮಂಚದ ಪಕ್ಕ ಕಿಟಕಿ ತೆರೆದು ಕೂತಿದ್ದಿರಲ್ಲ, ಯಾಕೆ?

ಸಾಗರದ ಭಾವ: ಮಳೆ ನೋಡಲು 😀

ದೊಡ್ಡಪ್ಪ: ಅಂದರೆ ನನ್ನ ಪುಡಿಗಿಂತ ಅಳಿಯಂದಿರ ಸಿಗರೇಟೇ ಕೆಟ್ಟದ್ದು ಅಂತಾಯಿತು. ನೋಟ್ ಮಾಡಿಕೊಳ್ಳಿ ಎಲ್ಲರೂ.

ಅಮ್ಮ: ಡಬ್ಬ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ ಭಾವ. ದುಡ್ಡು ಮೊದಲೇ ಕೊಟ್ಟಿಲ್ಲ ತಾನೇ?

ದೊಡ್ಡಪ್ಪ: ಒಂದು ಡಬ್ಬದ್ದು ಮಾತ್ರ.