ಗುವಾಂಗ್‌ಝೌನಲ್ಲಿ ದುಡ್ಡು ಕೊಡೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ನಮ್ಮ ಯಜಮಾನರು ಕ್ಯಾಂಟನ್ ಫೇರ್ ಅನ್ನುವ ವ್ಯಾಪಾರ ಮೇಳಕ್ಕೆ ಅಂತ ಚೀನಾದ ಗುವಾಂಗ್‌ಝೌಗೆ ಹೋಗುತ್ತಿದ್ದಾರೆ. ಜೊತೆಗೆ ನಾನು, ಅತ್ತೆ. ಅವರು ಹಗಲೆಲ್ಲ ಫೇರ್‌ನಲ್ಲಿ, ನಾವಿಬ್ಬರೇ ಊರು ಸುತ್ತಬೇಕು. ಚೀನಾ ನಮಗೆ ಹೊಸದು.

ಊಟದ ಚಿಂತೆ ಅರ್ಧ ಕಳೆದಿದೆ. ಅತ್ತೆ ಮೊಟ್ಟೆ ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಬೌದ್ಧ ಸಸ್ಯಾಹಾರಿ ಹೋಟೆಲ್‌ಗಳಲ್ಲೂ ಅವನ್ನು ಹಾಕುವುದಿಲ್ಲವಂತೆ. ಬೇರೆ ಕಡೆ ಬರೀ ಸೊಪ್ಪಿನ ಮೇಲೂ ಆಯ್ಸ್ಟರ್ ಸಾಸ್ (ಸಿಂಪಿಯಿಂದ ಮಾಡುವ ಸಾಸ್) ಸುರಿಯುತ್ತಾರೆ, ಅದೇ ಭಯ.

ತಲೆ ಕೆಟ್ಟಿರುವುದು ದುಡ್ಡಿನ ವಿಷಯಕ್ಕೆ. ಫೋನ್‌ನಲ್ಲಿ ಅಲಿಪೇ (ಅಲ್ಲಿ ದುಡ್ಡು ಕೊಡುವ ಆ್ಯಪ್) ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ನಮ್ಮ ಬ್ಯಾಂಕಿನ ವೀಸಾ ಕಾರ್ಡ್ ಜೋಡಿಸಿದೆ. 200 ಯುವಾನ್ ದಾಟಿದರೆ 3% ಶುಲ್ಕ, ಅದಿರಲಿ. ಬ್ಯಾಂಕಿಗೆ ಹೇಳಿ ವಿದೇಶಿ ವಹಿವಾಟನ್ನೂ ಆನ್ ಮಾಡಿಸಿದೆ. ಆದರೆ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದಾಗ ಒಟಿಪಿ ಬರುತ್ತದಾ ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆಯದು ಕೀಪ್ಯಾಡ್ ಫೋನ್. ನನ್ನ ಫೋನ್ ಕೈಕೊಟ್ಟರೆ ನೋಟೇ ಗತಿ. ನೋಟು ಬೇಡ ಅನ್ನುವ ಹಾಗಿಲ್ಲ ಅಂತ ಅಲ್ಲಿ ನಿಯಮ ಇದೆ, ಆದರೆ ಅಂಗಡಿಯವರ ಹತ್ತಿರ ಚಿಲ್ಲರೆ ಇರಬೇಕಲ್ವಾ?

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ: ಭಾರತದ ಕಾರ್ಡ್‌ಗೆ ಅಲ್ಲಿ ಒಟಿಪಿ ಕೇಳಿತಾ? 10, 20 ಯುವಾನ್ ನೋಟು ಇಲ್ಲಿಂದಲೇ ಒಯ್ಯಬೇಕಾ, ಅಲ್ಲೇ ಸುಲಭವಾಗಿ ಸಿಗುತ್ತದಾ?