ಬೆನ್ನು ಮತ್ತು ನರದ ತೊಂದರೆ: ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿಯ ಅನುಭವಗಳು

ಪ್ರಶ್ನೆ (ಚಳ್ಳಕೆರೆ): ನನ್ನ ಅಣ್ಣ ಹದಿನೇಳು ವರ್ಷ ಸೇನೆಯಲ್ಲಿದ್ದು ಅವಧಿ ಮುಗಿಸಿ ಊರಿಗೆ ಬಂದಿದ್ದಾರೆ. ಸೊಂಟದ ಡಿಸ್ಕ್ ಜಾರಿ ಎಡಗಾಲು ಜೋಮು ಹಿಡಿದಿದೆ. ಬಿಡುಗಡೆಯ ವೈದ್ಯಕೀಯ ಮಂಡಳಿಯು ಅಂಗವೈಕಲ್ಯ ಶೇ. 20 ಎಂದು ಬರೆದರೂ ಅದಕ್ಕೂ ಸೇವೆಗೂ ಸಂಬಂಧವಿಲ್ಲ ಎಂದದ್ದರಿಂದ ಅಂಗವೈಕಲ್ಯ ಪಿಂಚಣಿ ತಿರಸ್ಕೃತವಾಗಿದೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ (ದಾವಣಗೆರೆ, ನಿವೃತ್ತ ಹವಾಲ್ದಾರ್): ನನ್ನ ಕಡತದಲ್ಲಿಯೂ ಇದೇ ಮಾತಿತ್ತು. ನಮ್ಮವರು ಅದನ್ನು ‘ಎನ್‌ಎಎನ್‌ಎ’ ಎನ್ನುತ್ತಾರೆ. ಕಾಯಿಲೆಯು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಅದರ ಅರ್ಥ. ನಾನು ಮೊದಲ ಮೇಲ್ಮನವಿಯಲ್ಲಿ ಶೇಕಡಾವಾರು ಕಡಿಮೆಯಾಯಿತೆಂದೇ ಎರಡು ಪುಟ ಬರೆದು ಸೋತೆ. ನಿಮ್ಮ ಅಣ್ಣನವರಿಗೆ ಶೇ. 20 ಸಿಕ್ಕಿರುವುದರಿಂದ ಅವರು ಹಿಡಿಯಬೇಕಾದದ್ದು ಆ ‘ಸಂಬಂಧವಿಲ್ಲ’ ಎಂಬ ಮಾತನ್ನು. ಸೇನೆಗೆ ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು, ಮಂಡಳಿಯು ಕಾರಣಗಳನ್ನು ಬರೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಂಬಂಧ ಒಪ್ಪಿತವಾದರೆ ಶೇ. 20 ಅನ್ನು 50ಕ್ಕೆ ಏರಿಸಿ ಲೆಕ್ಕ ಹಾಕುವ ಕ್ರಮವಿದ್ದು, ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆಂದು 2014ರ ರಾಮ್ ಅವತಾರ್ ತೀರ್ಪು ತಿಳಿಸಿತು. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30 ಎಂಬ ಲೆಕ್ಕದಲ್ಲಿ ಶೇ. 50 ಅಂಗವೈಕಲ್ಯಕ್ಕೆ ವೇತನದ ಶೇ. 15 ಬರುತ್ತದೆ, ಅದು ಸಣ್ಣ ಮೊತ್ತವಲ್ಲ. ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಯಲ್ಲಿವೆ. ಆಮೇಲೆ ಬಿಡುಗಡೆಯಾಗಿದ್ದರೆ ಮೊದಲು ಅವನ್ನು ಓದಿಸಿ.

ಮಂಡಳಿಯ ಪೂರ್ಣ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ರೆಕಾರ್ಡ್ಸ್ ಕಚೇರಿಯಿಂದ ತರಿಸಿಕೊಳ್ಳಿ. ನನ್ನ ನಡಾವಳಿ ಕೈಗೆ ಬಂದಾಗಲೇ ನನಗೆ ತಿಳಿದದ್ದು, ಅದರಲ್ಲಿ ಬೆನ್ನುಮೂಳೆಯ ವಿಷಯ ಬಿಟ್ಟರೆ ಕಾಲಿನ ನರದ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ದಿನಗಳಲ್ಲಿ ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನಿಂದ ಬಂದವರು ಕರೆದು ಕೈಗೆ ಕೊಡುತ್ತಿದ್ದರು. ಎತ್ತರದ ಪ್ರದೇಶದಲ್ಲಿ ಹೊರೆ ಹೊತ್ತ ವರ್ಷಗಳು, ಮೊದಲ ಸಲ ಸೊಂಟ ಹಿಡಿದು ಘಟಕದ ವೈದ್ಯರಲ್ಲಿಗೆ ಹೋದ ದಿನ, ಆ ಬಳಿಕ ವೈದ್ಯಕೀಯ ಶ್ರೇಣಿ ಇಳಿದ ಆದೇಶ, ಇವೆಲ್ಲವನ್ನೂ ದಿನಾಂಕ ಸಮೇತ ಜೋಡಿಸಿ ಬರೆದ ಮೇಲೆ ನನ್ನ ಎರಡನೆಯ ಮೇಲ್ಮನವಿ ಒಪ್ಪಿತವಾಯಿತು.

ಉತ್ತರ (ಹಿರಿಯೂರು, ಮಾಜಿ ಸೈನಿಕರ ಪತ್ನಿ): ನಮ್ಮ ಯಜಮಾನರಿಗೆ ಎಂಆರ್‌ಐ ಒಂದೇ ಸಾಲಲಿಲ್ಲ. ಡಿಸ್ಕ್ ಜಾರಿರುವುದನ್ನು ಅದು ತೋರಿಸುತ್ತದೆಯೇ ಹೊರತು, ನರ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಅದಕ್ಕೆ ನರವಾಹಕತೆಯ ಪರೀಕ್ಷೆ ಬೇಕು. ಹೆಬ್ಬೆರಳನ್ನು ಮೇಲೆತ್ತುವ ಬಲ ಎಷ್ಟಿದೆ, ಸ್ಪರ್ಶ ಎಲ್ಲಿ ಕುಂದಿದೆ ಎಂಬುದನ್ನೂ ನರರೋಗ ತಜ್ಞರಿಂದ ಬರೆಸಿಕೊಳ್ಳಿ. ಎರಡೂ ಮೇಲ್ಮನವಿಗಳು ತಿರಸ್ಕೃತವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಅದು ಕೊಚ್ಚಿಯ ಪೀಠ. ತಡವಾದರೂ ಪಿಂಚಣಿಯ ಹಕ್ಕು ಪೂರ್ತಿ ಹೋಗದಿದ್ದರೂ, 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗಷ್ಟೇ ಕೊಡುತ್ತಾರೆ. ನಾವು ಕಾದು ಕುಳಿತು ಹಲವು ವರ್ಷಗಳ ಬಾಕಿಯನ್ನು ಕಳೆದುಕೊಂಡೆವು.

ಉತ್ತರ (ದಾವಣಗೆರೆ, ನಿವೃತ್ತ ಹವಾಲ್ದಾರ್): ಅಕ್ಕನವರು ಹೇಳಿದ್ದು ಸರಿ. ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವಿದೆ. ತಿರಸ್ಕಾರದ ಪತ್ರ ನಿಮ್ಮ ಅಣ್ಣನವರ ಕೈಸೇರಿದ ದಿನಾಂಕವನ್ನು ದಯವಿಟ್ಟು ಇಂದೇ ತಿಳಿಸಿ.