ಸ್ಕೈರಿಮ್ ಎಂಬ ವಿಡಿಯೊ ಆಟದ ಮೊದಲ ದಿನಗಳಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿದ ಗಳಿಗೆ ಯಾವುದು?

ಪ್ರಶ್ನೆ:
2011ರ ನವೆಂಬರ್ 11ರಂದು ಬಿಡುಗಡೆಯಾದ ಸ್ಕೈರಿಮ್ ಅನ್ನು ಈಚೆಗೆ ಮತ್ತೆ ಮೊದಲಿನಿಂದ ಆಡಲು ಕುಳಿತಾಗ ಈ ಪ್ರಶ್ನೆ ಹುಟ್ಟಿತು. ಹೆಲ್ಗನ್ ಪಟ್ಟಣದಲ್ಲಿ ನಮ್ಮ ಪಾತ್ರದ ತಲೆ ಕಡಿಯಲು ಕೊಡಲಿ ಎತ್ತಿದ ಹೊತ್ತಿಗೇ ಡ್ರ್ಯಾಗನ್ ಬಂದೆರಗುವುದು, ಆ ಗದ್ದಲದಲ್ಲಿ ಕೋಟೆಯೊಳಗಿನಿಂದ ತಪ್ಪಿಸಿಕೊಳ್ಳುವುದು ಎಲ್ಲರಿಗೂ ಒಂದೇ. ಆದರೆ ಗುಹೆಯ ಬಾಯಿಂದ ಬಯಲಿಗೆ ಬಿದ್ದ ಮೇಲೆ ಯಾರ ಹಂಗೂ ಇಲ್ಲ. ಜೊತೆಗಾರನ ಹಿಂದೆ ರಿವರ್‌ವುಡ್ ಹಳ್ಳಿಗೆ ಹೋದರೂ ಸರಿ, ಬೆನ್ನು ತಿರುಗಿಸಿ ಬೇರೆ ದಿಕ್ಕು ಹಿಡಿದರೂ ಸರಿ. ಆ ಬಿಡುವಿನಲ್ಲಿ ನೀವಾಗಿ ಕಂಡುಕೊಂಡದ್ದೇನು ಎಂಬುದನ್ನು ತಿಳಿಯುವ ಆಸೆ ನನಗಿದೆ.

ಉತ್ತರ 1:
ನನ್ನ ಮಟ್ಟಿಗೆ ಅದು ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೆಯ ಸಮಾಧಿಯೊಳಗಿನ ಬಾಗಿಲು. ಜೇಡರ ಬಲೆಯಲ್ಲಿ ಸಿಕ್ಕಿಬಿದ್ದ ಕಳ್ಳನಿಂದ, ಆ ಬಾಗಿಲಿಗೆ ಕೀಲಿಯಾದ ಚಿನ್ನದ ಪಂಜವೇನೋ ಕೈಸೇರಿತ್ತು. ಆದರೆ ಮುಂದಿನ ಬಾಗಿಲಿನ ಮೇಲೆ ಪ್ರಾಣಿಗಳ ಚಿತ್ರಗಳಿರುವ ಮೂರು ಬಳೆಗಳಿದ್ದು, ಅವುಗಳನ್ನು ತಪ್ಪಾಗಿ ಜೋಡಿಸಿ ಪಂಜವನ್ನು ಒತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಕಳ್ಳನ ದಿನಚರಿಯಲ್ಲಿ ಉತ್ತರ ಅಂಗೈಯಲ್ಲೇ ಇದೆ ಎಂಬ ಅರ್ಥದ ಸಾಲೊಂದಿದೆ. ಅದನ್ನು ಓದಿ, ಚೀಲದ ಪಟ್ಟಿಯಲ್ಲಿದ್ದ ಪಂಜವನ್ನು ಹತ್ತಿರಕ್ಕೆ ತಂದು ಮಗುಚಿ ನೋಡಿದರೆ, ಅದರ ಅಂಗೈಯಲ್ಲಿ ಕರಡಿ, ಪತಂಗ, ಗೂಬೆ ಎಂದು ಕೆತ್ತನೆಯೇ ಇತ್ತು! ಅಲ್ಲಿಯವರೆಗೆ ಆ ಪಟ್ಟಿಯ ವಸ್ತುಗಳೆಲ್ಲ ಬರಿಯ ಗುರುತಿನ ಚಿತ್ರಗಳು ಎಂದುಕೊಂಡಿದ್ದ ನಾನು, ಆಮೇಲೆ ಸಿಕ್ಕಿದ ಪ್ರತಿಯೊಂದು ಕತ್ತಿ, ಬಟ್ಟಲು, ಎಲುಬನ್ನೂ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ.

ಉತ್ತರ 2:
ದೈತ್ಯರನ್ನು ಮರೆತಿರೇಕೆ? ವೈಟ್‌ರನ್ ನಗರದ ಸುತ್ತಲಿನ ಬಯಲಿನಲ್ಲಿ ಮ್ಯಾಮತ್ ಎಂಬ ಉದ್ದಕೂದಲಿನ ಆನೆಗಳನ್ನು ಕಾಯುತ್ತ ತಮ್ಮ ಪಾಡಿಗೆ ತಾವಿರುವ ಅವರ ಹತ್ತಿರ ಹೋಗಿ ಕೆಣಕಿದರೆ, ಒಂದೇ ಗದೆಯ ಏಟಿಗೆ ನಮ್ಮ ಪಾತ್ರ ಮೋಡದ ಎತ್ತರಕ್ಕೆ ಹಾರುತ್ತದೆ. ನಗು ಬಂದರೂ ಅದರಲ್ಲಿ ಒಂದು ಪಾಠವಿತ್ತು. ಇದೇ ಸರಣಿಯ ಹಿಂದಿನ ಆಟವಾದ 2006ರ ಆಬ್ಲಿವಿಯನ್‌ನಲ್ಲಿ ನಾವು ಬಲಿತಂತೆ ಶತ್ರುಗಳೂ ಬಲಿಯುತ್ತಿದ್ದುದರಿಂದ ಎಲ್ಲಿಗೆ ಹೋದರೂ ಹೆಚ್ಚುಕಡಿಮೆ ಸಮಬಲದ ಹೋರಾಟವೇ. ಸ್ಕೈರಿಮ್‌ನಲ್ಲಿ ಕೆಲವು ಜಾಗಗಳು ನಮಗಾಗಿ ಕಾಯುವುದೂ ಇಲ್ಲ, ತಗ್ಗುವುದೂ ಇಲ್ಲ. ಬೆಟ್ಟದ ಮೇಲಿನ ಹೈ ಹ್ರೋತ್‌ಗಾರ್ ಮಠದ ಮೆಟ್ಟಿಲುಗಳ ದಾರಿಯಲ್ಲಿ ಮೇಲೆರಗುವ, ಹಿಮದ ಟ್ರೋಲ್ ಎಂಬ ರಾಕ್ಷಸ ಪ್ರಾಣಿಯಿಂದ ಓಡಿ ಪಾರಾಗದವರು ವಿರಳ.

ಉತ್ತರ 3:
ನನ್ನದು ಸ್ವಲ್ಪ ಭಿನ್ನರಾಗ. ನಾನು ಇದೇ ಸರಣಿಯ 2002ರ ಮಾರೋವಿಂಡ್‌ನಿಂದ ಬಂದವನಾದ್ದರಿಂದ, ಸ್ಕೈರಿಮ್‌ನ ದಿಕ್ಸೂಚಿಯ ಮೇಲೆ ಸದಾ ಕಾಣುವ, ಹೋಗಬೇಕಾದ ಜಾಗದ ಗುರುತು ನನಗೆ ಕಿರಿಕಿರಿಯೇ. ಮಾರೋವಿಂಡ್‌ನಲ್ಲಿ ಯಾವ ಸೇತುವೆ ದಾಟಬೇಕು, ಯಾವ ಕವಲಿನಲ್ಲಿ ಎಡಕ್ಕೆ ಹೊರಳಬೇಕು ಎಂದು ಜನ ಬಾಯಲ್ಲಿ ಹೇಳುತ್ತಿದ್ದರು. ಅದನ್ನು ದಿನಚರಿಯಲ್ಲಿ ಮತ್ತೆ ಮತ್ತೆ ಓದಿಕೊಂಡು ನಡೆಯಬೇಕಿತ್ತು. ಸೇಡಾ ನೀನ್ ಊರಿನ ಹೊರಗೆ ನಡೆಯುತ್ತಿದ್ದಾಗ ಆಕಾಶದಿಂದ ಒಬ್ಬ ಕಿರುಚುತ್ತ ಬಂದು ನನ್ನೆದುರೇ ಬಿದ್ದು ಸತ್ತ. ಅವನ ಬಳಿಯಿದ್ದ ಮಂತ್ರದ ಸುರುಳಿಯೊಂದನ್ನು ಓದಿ ನೆಗೆದರೆ ದ್ವೀಪದ ಅರ್ಧ ಭಾಗ ಕಾಲಡಿಯಲ್ಲಿ ಸರಿದುಹೋಯಿತು. ಇಳಿಯುವ ಉಪಾಯ ಮಾತ್ರ ಆ ಸುರುಳಿಯಲ್ಲಿರಲಿಲ್ಲ. ಅವನು ಸತ್ತದ್ದು ಹೇಗೆಂದು ಆಗ ಅರ್ಥವಾಯಿತು. ಸ್ಕೈರಿಮ್‌ನಲ್ಲಿ ಗುರುತನ್ನು ಅಡಗಿಸಿ ಆಡೋಣವೆಂದರೆ, ಅನೇಕ ಕೆಲಸಗಳಲ್ಲಿ ಪಾತ್ರಗಳು ದಾರಿಯನ್ನೇ ಹೇಳುವುದಿಲ್ಲ.

ಉತ್ತರ 1 ಬರೆದವರಿಂದ:
ಆ ಆಕ್ಷೇಪ ನ್ಯಾಯವೇ. ಆದರೂ ದಿಕ್ಸೂಚಿಯ ಗುರುತು ತೋರಿಸುವುದು ನೇರ ದಿಕ್ಕನ್ನು ಮಾತ್ರ, ನಡುವಿನ ಬೆಟ್ಟವನ್ನಲ್ಲ. ಬಳಸಿ ಹೋಗುವ ತಾಳ್ಮೆಯಿಲ್ಲದೆ, ಗೋಡೆಯಂತಹ ಬಂಡೆಯನ್ನೂ ಹತ್ತಿಬಿಡುವ ಆ ಆಟದ ಕುದುರೆಯನ್ನು ನೆಟ್ಟಗೆ ಹತ್ತಿಸಲು ಹೋಗಿ ಅರ್ಧದಲ್ಲಿ ಸಿಕ್ಕಿಕೊಂಡಾಗಲೇ ನನಗೆ ಹೆಚ್ಚಿನ ಗುಹೆಗಳು ಕಂಡದ್ದು. ಹೊರಟ ಕೆಲಸ ಅಲ್ಲಿಗೇ ಮರೆತುಹೋಗುತ್ತಿತ್ತು.